ಪಕ್ಕದ ಕುರ್ಚಿಯವರಿಗೆ ಆಗುತ್ತಿರುವುದು ಫಿಟ್ಸ್ ಇರಬಹುದೇ?

ನಿಮ್ಮ ಜೊತೆ ಕೆಲಸ ಮಾಡುವವರೊಬ್ಬರು ಮಾತಿನ ನಡುವೆ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾರೆ. ಕಣ್ಣು ತೆರೆದೇ ಇರುತ್ತದೆ, ಆದರೆ ನಿಮ್ಮನ್ನು ನೋಡುತ್ತಿರುವುದಿಲ್ಲ. ತುಟಿ ಚಪ್ಪರಿಸುತ್ತಾರೆ. ಅಂಗಿಯ ಗುಂಡಿಯನ್ನೋ ಸೆರಗಿನ ಅಂಚನ್ನೋ ಹಿಸುಕುತ್ತಿರುತ್ತಾರೆ. ಕರೆದರೆ ಉತ್ತರವಿಲ್ಲ. ಒಂದೆರಡು ನಿಮಿಷ ಕಳೆದ ಮೇಲೆ ಮಂಕಾಗಿ ಸುತ್ತ ನೋಡಿ, "ಏನಂದ್ರಿ?" ಎನ್ನುತ್ತಾರೆ. ನಡುವೆ ಏನಾಯಿತೆಂದು ಅವರಿಗೆ ಗೊತ್ತೇ ಇಲ್ಲ.

ಆಫೀಸಿನಲ್ಲಿ ಇದಕ್ಕೆ ಬೇರೆ ಬೇರೆ ಅರ್ಥ ಹಚ್ಚುತ್ತಾರೆ. ಗಮನವಿಲ್ಲ, ರಾತ್ರಿ ನಿದ್ದೆಗೆಟ್ಟಿದ್ದಾರೆ, ಮನೆ ಚಿಂತೆ, ಕುಡಿದು ಬಂದಿದ್ದಾರೆ. ಯಾರೂ ಕೆಳಗೆ ಬೀಳಲಿಲ್ಲ, ಬಾಯಲ್ಲಿ ನೊರೆ ಬರಲಿಲ್ಲ. ಹಾಗಾಗಿ ಫಿಟ್ಸ್ ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಮೂರ್ಛೆರೋಗದ ಬಹಳ ಸಾಮಾನ್ಯವಾದ ರೂಪಗಳಲ್ಲಿ ಇದೂ ಒಂದು. ಹೀಗಿರಬಹುದು ಎಂಬ ಅನುಮಾನ ಬಂದಾಗ ಸಹೋದ್ಯೋಗಿಯಾಗಿ ನೀವು ಏನು ಮಾಡಬಹುದು, ಎಲ್ಲಿಗೆ ಕಳಿಸಬಹುದು, ಎಷ್ಟು ಖರ್ಚಾಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಕಾಯಿಲೆಯ ಬಗ್ಗೆ. ಮೆದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಕೆಲವೊಮ್ಮೆ ಒಂದು ಗುಂಪಿನ ಕೋಶಗಳು ಹಠಾತ್ತನೆ, ಅಂಕೆಯಿಲ್ಲದೆ, ಒಟ್ಟಿಗೇ ಸಂಕೇತ ಹೊರಡಿಸುತ್ತವೆ. ಆಗ ಆಗುವುದೇ ಸೀಜರ್, ಅಂದರೆ ಸೆಳವು. ಜನರ ಬಾಯಲ್ಲಿ ಫಿಟ್ಸ್. ನೇರ ಕಾರಣವಿಲ್ಲದೆ ಇಂಥ ಸೆಳವು ಮತ್ತೆ ಮತ್ತೆ ಬರುವ ಸ್ಥಿತಿಯನ್ನು ಎಪಿಲೆಪ್ಸಿ, ಅಂದರೆ ಮೂರ್ಛೆರೋಗ ಅಥವಾ ಅಪಸ್ಮಾರ ಎನ್ನುತ್ತಾರೆ. ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲವಾದರೂ ಬಂದಿದ್ದರೆ ವೈದ್ಯರು ಆ ಹೆಸರು ಕೊಡುತ್ತಾರೆ. ಸಕ್ಕರೆ ಅಂಶ ತೀರಾ ಇಳಿದು, ಜ್ವರ ಏರಿ, ಇಲ್ಲವೇ ಕುಡಿತ ಥಟ್ಟನೆ ಬಿಟ್ಟು ಒಮ್ಮೆ ಫಿಟ್ಸ್ ಬಂದರೆ ಅದು ಮೂರ್ಛೆರೋಗವಲ್ಲ. ಆದರೂ ವೈದ್ಯರಿಗೆ ತೋರಿಸಲೇಬೇಕು.

ಸೆಳವು ಮೆದುಳಿನ ಯಾವ ಭಾಗದಲ್ಲಿ ಏಳುತ್ತದೆ ಎಂಬುದರ ಮೇಲೆ ಅದರ ರೂಪ ನಿಂತಿದೆ. ಮೆದುಳಿಡೀ ಆವರಿಸಿದರೆ ಮೈ ಸೆಟೆದು, ಬಿದ್ದು, ಕೈಕಾಲು ಅದುರುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಫಿಟ್ಸ್. ಒಂದು ಭಾಗದಲ್ಲೇ ಎದ್ದು ಅರಿವನ್ನು ಮಸುಕು ಮಾಡಿದರೆ ನಾನು ಮೊದಲು ಹೇಳಿದಂತೆ ಆಗುತ್ತದೆ. ಇದಕ್ಕೆ ಫೋಕಲ್ ಸೀಜರ್, ಅಂದರೆ ಒಂದೇ ಕಡೆ ಹುಟ್ಟುವ ಸೆಳವು ಎಂದು ಹೆಸರು. ಇನ್ನು ಕೆಲವರಿಗೆ, ಹೆಚ್ಚಾಗಿ ಮಕ್ಕಳಿಗೆ, ವಿಡಿಯೋ ಕಾಲ್ ನಡುವೆ ಚಿತ್ರ ನಿಂತುಹೋದಂತೆ ಹತ್ತಿಪ್ಪತ್ತು ಸೆಕೆಂಡು ಎಲ್ಲವೂ ನಿಂತು ಮತ್ತೆ ಶುರುವಾಗುತ್ತದೆ. ಹದಿಹರೆಯ ಮತ್ತು ಇಪ್ಪತ್ತರ ಆಸುಪಾಸಿನವರಲ್ಲಿ ಕಾಣುವ ಒಂದು ಬಗೆಯಲ್ಲಿ ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿ ಕೈ ಝಟ್ಟನೆ ಜಿಗಿದು ಹಿಡಿದ ಲೋಟ, ಬಾಚಣಿಗೆ ಹಾರಿಬೀಳುತ್ತದೆ. "ನನ್ನ ಕೈ ನಿಲ್ಲೋದೇ ಇಲ್ಲ, ದಿನಾ ಕಾಫಿ ಚೆಲ್ತೀನಿ" ಎಂದು ಅವರೇ ನಗುತ್ತಾರೆ. ನಿದ್ದೆಯಲ್ಲಿ ಮಾತ್ರ ಬರುವ ಫಿಟ್ಸೂ ಇದೆ. ಬೆಳಗ್ಗೆ ನಾಲಗೆಯ ಅಂಚು ಕಚ್ಚಿಹೋಗಿರುತ್ತದೆ, ಮೈಕೈ ಜಜ್ಜಿದಂತೆ ನೋಯುತ್ತದೆ. ಕಾರಣ ಮಾತ್ರ ತಿಳಿಯುವುದಿಲ್ಲ.

ಇದು ಎಷ್ಟು ಜನರಿಗೆ ಇರಬಹುದು? ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮನೆಮನೆ ಸಮೀಕ್ಷೆ ನಡೆಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವಿರಕ್ಕೆ ಸುಮಾರು 9 ಜನರಲ್ಲಿ ಮೂರ್ಛೆರೋಗ ಕಂಡಿತ್ತು. ನಗರದಲ್ಲಿ ಸುಮಾರು 6, ಹಳ್ಳಿಗಳಲ್ಲಿ ಅದರ ಇಮ್ಮಡಿ, ಅಂದರೆ 12. ಈ ಲೆಕ್ಕದಲ್ಲಿ ಐನೂರು ಜನರಿರುವ ಕಾರ್ಖಾನೆಯಲ್ಲಿ ಮೂರ್ನಾಲ್ಕು ಜನರಾದರೂ ಇರಬಹುದು. ನಿಮಗೆ ಒಬ್ಬರೂ ಗೊತ್ತಿಲ್ಲವೆಂದರೆ, ಅವರಲ್ಲಿ ಕೆಲವರು ಮುಚ್ಚಿಟ್ಟಿದ್ದಾರೆ, ಕೆಲವರಿಗೆ ತಮಗೇ ತಿಳಿದಿಲ್ಲ ಎಂದೇ ಅರ್ಥ.

ಹಳೇ ಮೈಸೂರಿನ ಕಡೆಯವರಾದರೆ ಇನ್ನೊಂದು ಪ್ರಶ್ನೆ ಕೇಳಬೇಕು: ತಲೆಗೆ ಬಿಸಿನೀರು ಹುಯ್ದುಕೊಂಡಾಗ ಏನಾದರೂ ಆಗುತ್ತದೆಯೇ? ಹಾಟ್ ವಾಟರ್ ಎಪಿಲೆಪ್ಸಿ, ಅಂದರೆ ಬಿಸಿನೀರಿನ ಮೂರ್ಛೆ, ಜಗತ್ತಿನ ಬೇರೆಡೆ ಅಪರೂಪ. ದಕ್ಷಿಣ ಕರ್ನಾಟಕದಲ್ಲಿ ಮಾತ್ರ ವೈದ್ಯರಿಗೆ ಚೆನ್ನಾಗಿ ಪರಿಚಿತ. ಚೊಂಬಿನಿಂದ ತಲೆಯ ಮೇಲೆ ಒಂದೇ ಸಮನೆ ಸುಡುನೀರು ಹುಯ್ದುಕೊಳ್ಳುವಾಗ ಸೆಳವು ಬರುತ್ತದೆ. ಕೆಲವರಿಗೆ ಆ ಹೊತ್ತಿನಲ್ಲಿ ಹಿತವೆನಿಸಿ, ನಿಲ್ಲಿಸಲಾಗದೆ ಹುಯ್ದುಕೊಳ್ಳುತ್ತಲೇ ಇರುತ್ತಾರೆ. ನೀರಿನ ಬಿಸಿ ತಗ್ಗಿಸಿದರೆ ಎಷ್ಟೋ ಜನರಿಗೆ ಸಾಕಾಗುತ್ತದೆ, ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆ ಕೊಡುತ್ತಾರೆ. "ಎಣ್ಣೆಸ್ನಾನ ಮಾಡಿದ್ರೆ ನಂಗೆ ತಲೆ ಒಂಥರಾ ಆಗುತ್ತೆ" ಎಂಬ ಮಾತು ಊಟದ ಬಿಡುವಿನಲ್ಲಿ ಕಿವಿಗೆ ಬಿದ್ದರೆ ಸುಮ್ಮನೆ ಬಿಡಬೇಡಿ.

ಇಷ್ಟು ಓದಿದ ಮೇಲೆ ನಿಮಗೆ ಎಲ್ಲರಲ್ಲೂ ಮೂರ್ಛೆರೋಗ ಕಾಣಬಹುದು. ಹಾಗೆ ಆಗಬಾರದು. ಬಿಸಿಲಲ್ಲಿ ನಿಂತು, ಊಟ ಬಿಟ್ಟು, ರಕ್ತ ನೋಡಿ ತಲೆ ಸುತ್ತಿ ಬೀಳುವುದು ಬೇರೆ. ಅದರಲ್ಲಿ ಮುಖ ಬಿಳಿಚುತ್ತದೆ, ಬೆವರುತ್ತದೆ, ಮಲಗಿಸಿದ ಕೂಡಲೇ ಎಚ್ಚರವಾಗುತ್ತದೆ. ಒಂದೆರಡು ಸಲ ಕೈಕಾಲು ಅದುರಿದರೂ ಅದು ಫಿಟ್ಸ್ ಅಲ್ಲ. ಫಿಟ್ಸ್ ಬಂದವರು ಎಚ್ಚರಾದ ಮೇಲೂ ಹತ್ತು ನಿಮಿಷ, ಅರ್ಧ ಗಂಟೆ ಗೊಂದಲದಲ್ಲಿರುತ್ತಾರೆ. ಹೃದಯದ ಬಡಿತ ತಪ್ಪುವುದು, ಸಕ್ಕರೆ ಇಳಿಯುವುದು, ಗಾಬರಿಯ ದಾಳಿ, ಮನಸ್ಸಿನ ಒತ್ತಡದಿಂದ ಬರುವ ಫಿಟ್ಸ್‌ನಂಥದೇ ಅದುರು, ಇವೆಲ್ಲ ಹೊರಗಿನಿಂದ ಒಂದೇ ತರಹ ಕಾಣಬಹುದು. ನಿಪುಣ ವೈದ್ಯರೂ ಕೆಲವೊಮ್ಮೆ ಎಡವುತ್ತಾರೆ. ಆದ್ದರಿಂದ ಹೆಸರಿಡುವ ಕೆಲಸ ನಿಮ್ಮದಲ್ಲ, ನೋಡುವ ಕೆಲಸ ನಿಮ್ಮದು.

ಅದು ಸಣ್ಣ ಕೆಲಸವಲ್ಲ. ಸೆಳವು ಬಂದವರಿಗೆ ಅದರ ನೆನಪಿರುವುದಿಲ್ಲ. ವೈದ್ಯರ ಮುಂದೆ ಕೂತು "ಗೊತ್ತಿಲ್ಲ ಡಾಕ್ಟ್ರೇ, ಪಕ್ಕದವರು ಹೇಳಿದ್ರು" ಎನ್ನುವುದಷ್ಟೇ ಅವರಿಂದ ಸಾಧ್ಯ. ಮೂರ್ಛೆರೋಗದ ಪತ್ತೆ ಬಹುಮಟ್ಟಿಗೆ ನಿಂತಿರುವುದು ಕಣ್ಣಾರೆ ಕಂಡವರ ಮಾತಿನ ಮೇಲೆ. ಯಂತ್ರಗಳ ಪರೀಕ್ಷೆ ಅದಕ್ಕೆ ಬೆಂಬಲ ಮಾತ್ರ. ದಿನಕ್ಕೆ ಎಂಟು ಗಂಟೆ ಎದುರಿಗೆ ಕೂರುವ ನಿಮಗೆ ಮನೆಯವರಿಗಿಂತ ಹೆಚ್ಚು ಕಂಡಿರಬಹುದು.

ಹಾಗಾದರೆ ಏನನ್ನು ನೋಡಬೇಕು? ಶುರುವಾಗುವ ಮುಂಚೆ ಅವರು ಏನು ಮಾಡುತ್ತಿದ್ದರು, ಹೊಟ್ಟೆಯಿಂದ ಏನೋ ಮೇಲೆದ್ದಂತಾಗುತ್ತಿದೆ, ವಿಚಿತ್ರ ವಾಸನೆ ಬರುತ್ತಿದೆ ಎಂದರೇ. ಕತ್ತು, ಕಣ್ಣು ಯಾವ ಕಡೆ ತಿರುಗಿತು. ಮೊದಲು ಅದುರಿದ್ದು ಯಾವ ಕೈ. ಬಣ್ಣ ನೀಲಿಯಾಯಿತೇ, ಬಿಳಿಚಿತೇ. ಕರೆದಾಗ ತಿರುಗಿದರೇ. ಎಷ್ಟು ಹೊತ್ತು ಇತ್ತು, ಇದನ್ನು ಗಡಿಯಾರ ನೋಡಿಯೇ ಹೇಳಿ, ಗಾಬರಿಯಲ್ಲಿ ಒಂದು ನಿಮಿಷ ಹತ್ತು ನಿಮಿಷದಂತೆ ಅನಿಸುತ್ತದೆ. ಆಮೇಲೆ ಮಾತು ಸರಿಯಾಗಲು ಎಷ್ಟು ಸಮಯ ಹಿಡಿಯಿತು. ಇವನ್ನು ತಾರೀಕಿನ ಸಮೇತ ಚೀಟಿಯಲ್ಲಿ ಬರೆದಿಡಿ. ಸುತ್ತ ಇನ್ನೊಬ್ಬರಿದ್ದು, ರೋಗಿ ಸುರಕ್ಷಿತವಾಗಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ವೈದ್ಯರಿಗೆ ಅದಕ್ಕಿಂತ ಬೆಲೆಬಾಳುವ ಸಾಕ್ಷಿ ಇನ್ನೊಂದಿಲ್ಲ. ಆದರೆ ಆ ವಿಡಿಯೋ ಅವರದು. ಅವರಿಗೆ ಕಳಿಸಿ, ನಿಮ್ಮ ಫೋನಿನಿಂದ ಅಳಿಸಿಬಿಡಿ. ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ನೀವು ಮಾಡಿದ ಸಹಾಯವೆಲ್ಲ ನೀರಲ್ಲಿ ಹೋಮ.

ಸೆಳವು ನಡೆಯುತ್ತಿರುವಾಗ ಮಾಡಬೇಕಾದದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಬಿದ್ದು ಅದುರುತ್ತಿದ್ದರೆ ಹತ್ತಿರದ ಕುರ್ಚಿ, ಕತ್ತರಿ, ಇಸ್ತ್ರಿಪೆಟ್ಟಿಗೆ ಸರಿಸಿ. ತಲೆಯ ಕೆಳಗೆ ಮಡಿಸಿದ ಸ್ವೆಟರ್ ಇಡಿ. ಕತ್ತಿನ ಬಳಿಯ ಗುಂಡಿ, ಟೈ, ಐಡಿ ಕಾರ್ಡಿನ ದಾರ ಸಡಿಲಿಸಿ. ಆದಷ್ಟು ಬೇಗ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು, ಬೆರಳು ಏನನ್ನೂ ಹಾಕಬೇಡಿ. ನಾಲಗೆ ನುಂಗಿಬಿಡುತ್ತಾರೆ ಎಂಬುದು ಸುಳ್ಳು, ಹಲ್ಲು ಮುರಿಯುವುದು ನಿಜ. ಕಬ್ಬಿಣದ ಕೀಲಿಕೈ ಹಿಡಿಸಿದರೆ ನಿಲ್ಲುತ್ತದಲ್ಲ ಎಂದು ನೀವು ಕೇಳಬಹುದು. ಸಾಮಾನ್ಯ ಫಿಟ್ಸ್ ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ. ನಾವು ಕೀಲಿಕೈ ಹುಡುಕಿ ತರುವ ಹೊತ್ತಿಗೆ ಸರಿಯಾಗಿ ಅದು ಮುಗಿದಿರುತ್ತದೆ, ಹೆಸರು ಕೀಲಿಕೈಗೆ ಬರುತ್ತದೆ. ಈರುಳ್ಳಿಗೂ ಚಪ್ಪಲಿಗೂ ಇದೇ ಮಾತು. ಚಪ್ಪಲಿ ಮೂಸಿಸುವುದು ಅವಮಾನವೂ ಹೌದು.

ಬೀಳದೆ, ಮಂಕಾಗಿ ನಡೆದಾಡುವ ಬಗೆಯಾದರೆ ಇನ್ನೂ ಸಲೀಸು. ಮೆಟ್ಟಿಲು, ಮೆಷಿನ್, ರಸ್ತೆಯಿಂದ ಮೆಲ್ಲನೆ ಆಚೆ ಕರೆದೊಯ್ಯಿರಿ. ರಟ್ಟೆ ಬಿಗಿಯಾಗಿ ಹಿಡಿದರೆ ತಮಗರಿವಿಲ್ಲದೆ ನಿಮ್ಮನ್ನು ತಳ್ಳಬಹುದು. ಅದು ಕೋಪವಲ್ಲ. ಪೂರ್ತಿ ಎಚ್ಚರಾಗುವವರೆಗೆ ಜೊತೆಗಿದ್ದು, ಎಲ್ಲಿದ್ದಾರೆ, ಏನಾಯಿತು ಎಂದು ಸಮಾಧಾನವಾಗಿ ಹೇಳಿ.

108ಕ್ಕೆ ಯಾವಾಗ ಕರೆ ಮಾಡಬೇಕು? ಸೆಳವು 5 ನಿಮಿಷ ದಾಟಿದರೆ. ಎಚ್ಚರವಾಗದೆ ಮತ್ತೊಂದು ಬಂದರೆ. ತಲೆಗೆ ಪೆಟ್ಟಾದರೆ, ಉಸಿರಾಟ ಸರಿಹೋಗದಿದ್ದರೆ. ಗರ್ಭಿಣಿಯಾದರೆ, ಸಕ್ಕರೆ ಕಾಯಿಲೆಯವರಾದರೆ. ಮೈ ಅದುರುವ ಫಿಟ್ಸ್ ಜೀವನದಲ್ಲಿ ಮೊದಲ ಬಾರಿ ಬಂದಿದ್ದರೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನಿಮಗೆ ಅವರ ಹಿಂದಿನ ವಿಷಯ ಗೊತ್ತಿಲ್ಲವಾದರೆ ಮೊದಲನೆಯದೇ ಎಂದುಕೊಳ್ಳಿ.

ಈಗ ಕಷ್ಟದ ಭಾಗ: ಅವರಿಗೆ ಹೇಳುವುದು ಹೇಗೆ? ಅದೇ ಗಳಿಗೆಯಲ್ಲಿ, ಹತ್ತು ಜನರ ಮುಂದೆ ಬೇಡ. ಸ್ವಲ್ಪ ಹೊತ್ತು ಬಿಟ್ಟು, ಅವರಿಗೆ ಹತ್ತಿರದವರಾದ ಒಬ್ಬರೇ ಮಾತಾಡಿ. ಕಾಯಿಲೆಯ ಹೆಸರು ಎತ್ತದೆ ಕಂಡದ್ದನ್ನಷ್ಟೇ ಹೇಳಿ. ಗಾರ್ಮೆಂಟ್ಸ್‌ನಲ್ಲಿ ಒಂದೇ ಲೈನಿನಲ್ಲಿ ಕೂರುವವರಾದರೆ ಹೀಗೆ: "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವತ್ತು ಟೀ ಟೈಮಿಗೆ ಮುಂಚೆ ಎರಡು ನಿಮಿಷ ನಾನು ಕರೆದ್ರೂ ನಿಮಗೆ ಕೇಳಿಸ್ಲಿಲ್ಲ. ಬಾಯಿ ಚಪ್ಪರಿಸ್ತಾ ಇದ್ರಿ. ಹೋದ ವಾರನೂ ಹಿಂಗೇ ಆಯ್ತು. ಮನೇಲಿ ಯಾರಾದ್ರೂ ಹೇಳಿದ್ದಾರಾ?" ಬ್ಯಾಂಕಿನ ಹಿರಿಯ ಸಹೋದ್ಯೋಗಿಯಾದರೆ: "ಸರ್, ಬೆಳಗ್ಗೆ ಕೌಂಟರಲ್ಲಿ ಒಂದು ನಿಮಿಷ ನೀವು ಇಲ್ಲಿ ಇರಲೇ ಇಲ್ಲ ಅನ್ನಿಸ್ತು. ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ? ನಾನೂ ಬರ್ತೀನಿ, ಏನು ನೋಡಿದೆ ಅಂತ ಹೇಳ್ತೀನಿ." ಕೊನೆಯ ವಾಕ್ಯ ಮುಖ್ಯ. ಸಲಹೆ ಕೊಡುವವರು ಬೇಕಾದಷ್ಟು ಇದ್ದಾರೆ, ಜೊತೆಗೆ ಬರುವವರು ಕಡಿಮೆ.

ಉತ್ತರ ನೀವೆಣಿಸಿದಂತೆ ಇರದಿರಬಹುದು. ನಿಮಗೆ ಪತ್ತೆಯಾಗದ ಕಾಯಿಲೆಯೆಂದು ಕಂಡದ್ದು ಅವರಿಗೆ ಹತ್ತು ವರ್ಷದಿಂದ ಗೊತ್ತಿರುವ ಕಾಯಿಲೆಯಾಗಿರಬಹುದು. ಮದುವೆ ತಪ್ಪೀತು, ಕೆಲಸ ಹೋದೀತು ಎಂದು ಬ್ಯಾಗಿನ ಒಳಜೇಬಿನಲ್ಲಿ ಮಾತ್ರೆ ಬಚ್ಚಿಟ್ಟು ನುಂಗುವವರು ಕಡಿಮೆಯಿಲ್ಲ. ಆಗ ಹೆಚ್ಚು ಕೆದಕಬೇಡಿ. "ಮತ್ತೆ ಬಂದ್ರೆ ನಾನೇನು ಮಾಡ್ಬೇಕು, ಯಾರಿಗೆ ಫೋನ್ ಮಾಡ್ಬೇಕು?" ಇಷ್ಟು ಕೇಳಿದರೆ ಸಾಕು. ಸಿಟ್ಟಾಗಿ "ನಂಗೇನೂ ಆಗಿಲ್ಲ" ಎಂದರೆ ವಾದಕ್ಕಿಳಿಯದೆ ಬಿಡಿ, ಮತ್ತೊಂದು ಸಲ ಆದಾಗ ಅದೇ ಮೃದುವಾಗಿ ಮತ್ತೆ ಹೇಳಿ.

ಅವರು ಒಪ್ಪದೆ ಇರುವಾಗ ಮ್ಯಾನೇಜರಿಗೋ ಎಚ್‌ಆರ್‌ಗೋ ಹೇಳಬೇಕೇ? ನನ್ನ ಅಭಿಪ್ರಾಯ ಹೀಗಿದೆ. ಮೇಜಿನ ಮುಂದೆ ಕೂತು ಮಾಡುವ ಕೆಲಸವಾದರೆ ಬೇಡ, ಅದು ಅವರ ಸ್ವಂತ ವಿಷಯ. ಬಸ್ಸು, ಫೋರ್ಕ್‌ಲಿಫ್ಟ್ ಓಡಿಸುವವರು, ಸಾರುವೆ ಹತ್ತುವವರು, ಬಟ್ಟೆ ಕತ್ತರಿಸುವ ಯಂತ್ರ, ಬಾಯ್ಲರ್ ನೋಡಿಕೊಳ್ಳುವವರು ಆದರೆ ಸುಮ್ಮನಿರುವುದು ಸರಿಯಲ್ಲ. ಆಗಲೂ ಮೊದಲು ಅವರಿಗೆ ತಿಳಿಸಿ, ಆಮೇಲೆ ಸುರಕ್ಷತೆ ನೋಡುವ ಒಬ್ಬರಿಗೆ ಮಾತ್ರ "ಎರಡು ಸಲ ಪ್ರಜ್ಞೆ ತಪ್ಪಿದಂತಾಯಿತು" ಎನ್ನಿ. ಮೂರ್ಛೆರೋಗ ಎಂಬ ಪದ ನಿಮ್ಮ ಬಾಯಿಂದ ಬರಬಾರದು.

ಆಸ್ಪತ್ರೆಯಲ್ಲಿ ಏನಾಗುತ್ತದೆ? ನೋಡಬೇಕಾದವರು ನ್ಯೂರಾಲಜಿಸ್ಟ್, ಅಂದರೆ ನರರೋಗ ತಜ್ಞರು. ಮೊದಲು ಮಾತು, ಆಮೇಲೆ ರಕ್ತಪರೀಕ್ಷೆ, ಹೃದಯ ನೋಡಲು ಇಸಿಜಿ. ನಂತರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ತೋರಿಸುವ ಪರೀಕ್ಷೆ. ತಲೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಬಿಲ್ಲೆಗಳನ್ನು ಅಂಟಿಸುತ್ತಾರೆ, ಜೋರಾಗಿ ಉಸಿರಾಡಿಸುತ್ತಾರೆ, ಮಿನುಗುವ ದೀಪ ತೋರಿಸುತ್ತಾರೆ. ನೋವಿಲ್ಲ. ಇದನ್ನು ಕರೆಂಟ್ ಕೊಡುವುದು ಎಂದು ಹೆದರುವವರಿದ್ದಾರೆ. ಯಂತ್ರ ಕರೆಂಟ್ ಕೊಡುವುದಿಲ್ಲ, ಮೆದುಳಿನದನ್ನು ಬರೆದುಕೊಳ್ಳುತ್ತದೆ ಅಷ್ಟೆ. ಎಣ್ಣೆ ಹಚ್ಚದೆ ತಲೆ ತೊಳೆದು ಹೋಗಬೇಕು. ಹಿಂದಿನ ರಾತ್ರಿ ಕಡಿಮೆ ನಿದ್ದೆ ಮಾಡಿ ಬನ್ನಿ ಎಂದೂ ಹೇಳಬಹುದು. ನೆನಪಿಡಿ, ಮೂರ್ಛೆರೋಗ ಇರುವವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಮೊದಲ ಇಇಜಿ ನಾರ್ಮಲ್ ಬರುತ್ತದೆ. ವರದಿ ಸರಿಯಿದೆ ಎಂದು ಅಲ್ಲಿಗೇ ಕೈಬಿಡಬಾರದು.

ಎಂಆರ್‌ಐ, ಅಂದರೆ ಅಯಸ್ಕಾಂತದಿಂದ ಮೆದುಳಿನ ಚಿತ್ರ ತೆಗೆಯುವ ಪರೀಕ್ಷೆ, ಗಾಯದ ಕಲೆ, ಗೆಡ್ಡೆ, ರಕ್ತನಾಳದ ತೊಂದರೆ ತೋರಿಸುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಆಗಾಗ ಸಿಗುತ್ತದೆ: ಮೆದುಳಿನಲ್ಲಿ ಕೂತ ಲಾಡಿಹುಳುವಿನ ಮರಿಗಂಟು. ನಾವು ಮಾಂಸ ತಿನ್ನುವವರಲ್ಲ, ನಮಗೆ ಹೇಗೆ ಎನ್ನುತ್ತಾರೆ. ಹುಳುವಿನ ಮೊಟ್ಟೆ ಬರುವುದು ಮಲದಿಂದ ಕೆಟ್ಟ ನೀರು, ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯ ಮೂಲಕ. ಸಸ್ಯಾಹಾರಿಗಳಿಗೂ ಬರುತ್ತದೆ.

ಖರ್ಚಿನ ಮಾತಿಗೆ ಬರೋಣ. ಬೆಂಗಳೂರಿನ ಖಾಸಗಿ ಕಡೆಗಳಲ್ಲಿ ಇಇಜಿಗೆ ಅಂದಾಜು 1,500ರಿಂದ 3,000 ರೂಪಾಯಿ, ಎಂಆರ್‌ಐಗೆ 6,000ರಿಂದ 12,000. ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಒಂದು ಪಾಲು ಮಾತ್ರ, ಬಿಪಿಎಲ್ ಕಾರ್ಡಿದ್ದರೆ ಇನ್ನೂ ರಿಯಾಯಿತಿ. ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನೂ ವಿಚಾರಿಸಿ. ಮಾತ್ರೆಗಳು ಜನ ಹೆದರುವಷ್ಟು ದುಬಾರಿಯಲ್ಲ. ಹಳೆಯ ಮಾತ್ರೆಗಳು ತೀರಾ ಅಗ್ಗ, ಹೊಸವು ತಿಂಗಳಿಗೆ ಹಲವು ನೂರು ರೂಪಾಯಿ. ಜನೌಷಧಿ ಕೇಂದ್ರದಲ್ಲಿ ಇನ್ನೂ ಕಡಿಮೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರಕ್ಕೆ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಮೊದಲಿಗಿಂತ ಜೋರಾಗಿ ಬರಬಹುದು. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಆ ವಿಷಯ ವೈದ್ಯರಿಗೆ ಮೊದಲೇ ಹೇಳಬೇಕು. ವಾಲ್‌ಪ್ರೊಯೇಟ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ಎಲ್ಲಿಗೆ ಹೋಗಬೇಕು ಎಂದರೆ ಬೆಂಗಳೂರಿನವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಗೊತ್ತೇ ಇದೆ. ಬೆಳಗ್ಗೆಯೇ ಹೋಗಿ ಚೀಟಿ ಮಾಡಿಸಬೇಕು, ಇಡೀ ದಿನ ಬಿಡುವು ಇಟ್ಟುಕೊಳ್ಳಿ. ತುರ್ತು ವಿಭಾಗ ಹಗಲುರಾತ್ರಿ ತೆರೆದಿರುತ್ತದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮೈಸೂರು, ಹುಬ್ಬಳ್ಳಿಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರ್ಛೆರೋಗ ನೋಡುವ ಮೆದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ. ದೂರದವರು ಮೊದಲು ಅಲ್ಲೇ ಕೇಳುವುದು ಒಳ್ಳೆಯದು.

ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ಕಾರ್ಮಿಕರಿಗೆ ಚಿಕಿತ್ಸೆ, ಪರೀಕ್ಷೆ, ಮಾತ್ರೆ ಅದರಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ನಿಯಮದಂತೆ ವಂತಿಗೆ ಕಟ್ಟಿದ್ದರೆ, ವೈದ್ಯರ ಸರ್ಟಿಫಿಕೇಟಿನ ಮೇಲೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಹಣವೂ ಬರುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಿಲ್ಲದೆ ಕೂಲಿ ಹೋಗುತ್ತದೆಂದು ಆಸ್ಪತ್ರೆಗೇ ಹೋಗುವುದಿಲ್ಲ.

ಕಾಯಿಲೆ ಖಚಿತವಾದ ಮೇಲೆ ಕೆಲಸ ಬಿಡಬೇಕಿಲ್ಲ. ನಿದ್ದೆಗೇಡು ಫಿಟ್ಸ್‌ಗೆ ದೊಡ್ಡ ಕಾರಣ, ಆದ್ದರಿಂದ ರಾತ್ರಿ ಪಾಳಿ ತಪ್ಪಿಸಿಕೊಡಲು ಕೇಳಬಹುದು. ಮಾತ್ರೆಯ ಹೊತ್ತಿಗೆ ಬಿಡುವು, ಎತ್ತರ ಮತ್ತು ತೆರೆದ ಯಂತ್ರದಿಂದ ದೂರದ ಜಾಗ, ಬಾತ್‌ರೂಮಿನ ಚಿಲಕ ಹಾಕದೆ ಹೊರಗೊಬ್ಬರು ನಿಲ್ಲುವ ಏರ್ಪಾಡು, ಇಷ್ಟರಲ್ಲೇ ಬಹಳಷ್ಟು ಮುಗಿಯುತ್ತದೆ. ಕಂಪ್ಯೂಟರ್ ಪರದೆಯಿಂದ ಫಿಟ್ಸ್ ಬರುತ್ತದೆಂಬ ಭಯ ಬಹುತೇಕರಿಗೆ ಅನ್ವಯಿಸುವುದಿಲ್ಲ. ಮಿನುಗುವ ಬೆಳಕಿಗೆ ಸೆಳವು ಬರುವವರು ನೂರಕ್ಕೆ ಕೆಲವರು ಮಾತ್ರ. ಮದುವೆಯ ಚಿಂತೆಗೆ ಕಾನೂನಿನ ಉತ್ತರವಿದೆ: ಹಿಂದೂ ವಿವಾಹ ಕಾಯ್ದೆ ಮತ್ತು ವಿಶೇಷ ವಿವಾಹ ಕಾಯ್ದೆಗಳಲ್ಲಿ ಮೂರ್ಛೆರೋಗ ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ.

ವಾಹನದ ವಿಷಯದಲ್ಲಿ ಮಾತ್ರ ಸಡಿಲಿಕೆ ಬೇಡ. ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಆರೋಗ್ಯ ಘೋಷಣೆಯಲ್ಲಿ ಮೂರ್ಛೆರೋಗ ಅಥವಾ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು ಇದೆಯೇ ಎಂಬ ಪ್ರಶ್ನೆ ಇದೆ. ಅನುಮಾನ ಬಗೆಹರಿದು ವೈದ್ಯರು ಹೇಳುವವರೆಗೆ ಸ್ಕೂಟರನ್ನೂ ಓಡಿಸಬಾರದು, ಈಜುಕೊಳಕ್ಕೂ ಕೆರೆಗೂ ಒಬ್ಬರೇ ಇಳಿಯಬಾರದು. ನೀವು ಅದೇ ದಾರಿಯಲ್ಲಿ ಹೋಗುವವರಾದರೆ ಅಷ್ಟು ದಿನ ಅವರನ್ನು ನಿಮ್ಮ ಗಾಡಿಯ ಹಿಂದೆ ಕೂರಿಸಿಕೊಳ್ಳದೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಜೊತೆಯಾಗಿ ಹೋಗಿ. ಓಡುವ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಸೆಳವು ಬಂದರೆ ನೀವು ಹಿಡಿದುಕೊಳ್ಳಲಾರಿರಿ.